ಕುರ್ಚಿ ಇಳಿಸೋದು ಸಾಕ್ಷಿಕಟ್ಟೆ
(ವಿದ್ಯಾರ್ಥಿನಿಲಯದ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣ)

ಸರ್ಕಾರಿ ಕಚೇರಿಯ ಜವಾನನೊಬ್ಬ ಕ್ರಿಮಿನಲ್ ಕೇಸಿನಲ್ಲಿ ಸಿಕ್ಕಿ 48 ಗಂಟೆಗಿಂತ ಹೆಚ್ಚು ಹೊತ್ತು ಲಾಕಪ್ಪಿನಲ್ಲಿದ್ದರೆ ಅವನು ಸಸ್ಪೆಂಡ್ ಆದ ಹಾಗೇ ಲೆಕ್ಕ. ಶಿಕ್ಷೆ ಆಯಿತೋ, ಇಲಾಖಾ ವಿಚಾರಣೆ ಇಲ್ಲದೆಯೇ ಅವನನ್ನು ಮನೆಗೆ ಕಳಿಸಬಹುದು. ಸಂವಿಧಾನದ 311ನೇ ವಿಧಿಯಲ್ಲೇ ಅದಕ್ಕೆ ದಾರಿ ಇದೆ. 'ಅಪೀಲು ಹಾಕಿದೀನಿ ಸ್ವಾಮಿ' ಅಂದ ಮಾತ್ರಕ್ಕೆ ಅವನ ಕೆಲಸ ಉಳಿಯೋದಿಲ್ಲ.

ಶಾಸಕರಿಗೆ, ಮಂತ್ರಿಗಳಿಗೆ ಇದೇ ನ್ಯಾಯ ಇತ್ತೇ? ಬಹಳ ಕಾಲ ಇರಲಿಲ್ಲ. ಬಾಬಾಸಾಹೇಬರು ಕಾನೂನು ಮಂತ್ರಿಯಾಗಿದ್ದಾಗ, 1951ರಲ್ಲಿ, ಪ್ರಜಾಪ್ರತಿನಿಧಿ ಕಾಯ್ದೆ ಬಂತು. ಅದರ 8ನೇ ಕಲಂ ಪ್ರಕಾರ ಎರಡು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆ ಆದವರು ಸದಸ್ಯರಾಗಿರೋ ಹಾಗಿಲ್ಲ. ಆದರೆ ಆಗಲೇ ಗೆದ್ದು ಕೂತವರಿಗೆ ಒಂದು ಹಿತ್ತಲ ಬಾಗಿಲು ಇತ್ತು. ಮೂರು ತಿಂಗಳೊಳಗೆ ಅಪೀಲು ಹಾಕಿದರೆ, ಅದು ತೀರ್ಮಾನ ಆಗೋ ತನಕ ಕುರ್ಚಿ ಭದ್ರ! 2013ರ ಜುಲೈ 10ರಂದು ಲಿಲಿ ಥಾಮಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಆ ಬಾಗಿಲು ಮುಚ್ಚಿತು. ಈಗ ಶಿಕ್ಷೆ ಆದ ದಿನವೇ ಸ್ಥಾನ ಹೋಗುತ್ತೆ. ಉಳಿಯಬೇಕಾದರೆ ಮೇಲಿನ ಕೋರ್ಟು ಶಿಕ್ಷೆಗಷ್ಟೇ ಅಲ್ಲ, ಅಪರಾಧಿ ಅನ್ನೋ ತೀರ್ಪಿಗೇ ತಡೆ ಕೊಡಬೇಕು.

ಸರಿ, ಇದರಿಂದ ಕೇರಿಗೇನು ಬಂತು ಅಂತ ಕೇಳ್ತೀರಿ. ಹೇಳ್ತೀನಿ ಕೇಳಿ.

ಇದೇ 8ನೇ ಕಲಮಿನಲ್ಲಿ ಒಂದು ಪಟ್ಟಿ ಇದೆ. ಆ ಪಟ್ಟಿಯ ಅಪರಾಧಗಳಿಗೆ ಎರಡು ವರ್ಷದ ಲೆಕ್ಕ ಇಲ್ಲ, ಎಷ್ಟೇ ಶಿಕ್ಷೆ ಆದರೂ ಸ್ಥಾನ ಹೋಯಿತು. 1955ರ ನಾಗರಿಕ ಹಕ್ಕು ಸಂರಕ್ಷಣಾ ಕಾಯ್ದೆ, ಅಂದರೆ ಅಸ್ಪೃಶ್ಯತೆ ಆಚರಿಸಿದವನಿಗೆ ಶಿಕ್ಷೆ ಕೊಡೋ ಕಾಯ್ದೆ, ಈ ಪಟ್ಟಿಯಲ್ಲಿದೆ. ದೇವಸ್ಥಾನದ ಬಾಗಿಲಲ್ಲಿ, ಹೋಟೆಲಿನಲ್ಲಿ, ಬಾವಿಕಟ್ಟೆಯಲ್ಲಿ ಜಾತಿ ನೋಡಿ ನಮ್ಮನ್ನು ತಡೆದ ಶಾಸಕನಿಗೆ ಒಂದೇ ತಿಂಗಳು ಜೈಲಾದರೂ ಅವನು ವಿಧಾನಸೌಧದಿಂದ ಹೊರಗೆ. ಬಿಡುಗಡೆಯಾದ ಮೇಲೂ ಆರು ವರ್ಷ ಚುನಾವಣೆಗೆ ನಿಲ್ಲೋ ಹಾಗಿಲ್ಲ.

ಆದರೆ 1989ರ ದೌರ್ಜನ್ಯ ತಡೆ ಕಾಯ್ದೆ ಆ ಪಟ್ಟಿಯಲ್ಲಿ ಇಲ್ಲ! ಜಾತಿ ಹಿಡಿದು ಬೈದು ಅವಮಾನ ಮಾಡಿದ್ದಕ್ಕೆ ಆ ಕಾಯ್ದೆಯಲ್ಲಿ ಆರು ತಿಂಗಳಿಂದ ಐದು ವರ್ಷದವರೆಗೆ ಶಿಕ್ಷೆ. ಒಬ್ಬ ಶಾಸಕನಿಗೆ ಅದರಲ್ಲಿ ಒಂದು ವರ್ಷ ಮಾತ್ರ ಆಯಿತು ಅನ್ನಿ, ಅವನ ಕುರ್ಚಿ ಅಲ್ಲಾಡೋದಿಲ್ಲ. ಆದರೆ 2023ರ ಮಾರ್ಚ್ 23ರಂದು ಒಂದು ಭಾಷಣದ ಮಾನನಷ್ಟ ಕೇಸಿನಲ್ಲಿ ಸೂರತ್ ಕೋರ್ಟು ರಾಹುಲ್ ಗಾಂಧಿಗೆ ಎರಡು ವರ್ಷ ಶಿಕ್ಷೆ ಕೊಟ್ಟಾಗ, ಮಾರನೇ ದಿನವೇ ಅವರ ಲೋಕಸಭಾ ಸ್ಥಾನ ಹೋಗಿತ್ತು. ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ತಡೆ ಕೊಟ್ಟ ಮೇಲೆ ಅದು ವಾಪಸ್ ಬಂತು. ನಾನು ಯಾವ ಪಕ್ಷದ ಪರವೂ ಮಾತಾಡ್ತಿಲ್ಲ. ಯಾರ ಮಾನ ಎಷ್ಟು ತೂಕ ಅನ್ನೋದು ಈ ತಕ್ಕಡಿಯಲ್ಲಿ ಕಾಣುತ್ತೆ.

'ಅರೆಸ್ಟಾದ ಕೂಡಲೇ ಇಳಿಸಿಬಿಡೋಣ' ಅಂತ ಕೆಲವರು ಹೇಳ್ತಾರೆ. ಬಂಧನದಲ್ಲಿ ಸತತ 30 ದಿನ ಕಳೆದ ಮಂತ್ರಿಯನ್ನು ಇಳಿಸೋ ಮಸೂದೆಯನ್ನೂ 2025ರ ಆಗಸ್ಟಿನಲ್ಲಿ ಲೋಕಸಭೆಯಲ್ಲಿ ಮಂಡಿಸಿದರು. ನಾವು ಯೋಚನೆ ಮಾಡಿ ಮಾತಾಡಬೇಕು. ಸ್ಟೇಷನ್ನಿನಲ್ಲಿ ಕೌಂಟರ್ ಕೇಸ್ ಹೇಗೆ ಹುಟ್ಟುತ್ತೆ ಅಂತ ಕೇರಿಯ ಹುಡುಗರಿಗೆ ಯಾರೂ ಪಾಠ ಹೇಳಬೇಕಿಲ್ಲ. ಅರೆಸ್ಟ್ ಮಾಡೋದು ಪೊಲೀಸರು. ಅಪರಾಧಿ ಅನ್ನೋದು ಕೋರ್ಟು. ಈ ಎರಡನ್ನೂ ಒಂದು ಮಾಡಿದರೆ ಮೊದಲ ಪೆಟ್ಟು ಬೀಳೋದು ಬಲ ಇಲ್ಲದವರಿಗೆ.

ಆದ್ದರಿಂದ ಎಲ್ಲಾ ನಿಂತಿರೋದು ಆ ತೀರ್ಪಿನ ಮೇಲೆ. ತೀರ್ಪು ನಿಂತಿರೋದು ಸಾಕ್ಷಿಯ ಮೇಲೆ. ಜಯಲಲಿತಾ ಅವರ ಆಸ್ತಿ ಕೇಸನ್ನೇ ನೋಡಿ. ಅವರು ಮುಖ್ಯಮಂತ್ರಿಯಾಗಿದ್ದ ರಾಜ್ಯದಲ್ಲಿ ಸಾಕ್ಷಿಗಳು ಉಲ್ಟಾ ಹೊಡೆಯತೊಡಗಿದರು. 2003ರಲ್ಲಿ ಸುಪ್ರೀಂ ಕೋರ್ಟು ಕೇಸನ್ನು ಬೆಂಗಳೂರಿಗೆ ವರ್ಗ ಮಾಡಿತು. 2014ರ ಸೆಪ್ಟೆಂಬರ್ 27ರಂದು ನಾಲ್ಕು ವರ್ಷ ಶಿಕ್ಷೆ ಆಯಿತು, ಮುಖ್ಯಮಂತ್ರಿ ಕುರ್ಚಿ ಹೋಯಿತು. ಮರುವರ್ಷ ಹೈಕೋರ್ಟು ಬಿಡುಗಡೆ ಮಾಡಿತು. ಆ ಬಿಡುಗಡೆಯನ್ನು 2017ರಲ್ಲಿ ಸುಪ್ರೀಂ ಕೋರ್ಟು ರದ್ದು ಮಾಡೋ ಹೊತ್ತಿಗೆ ಅವರು ತೀರಿಕೊಂಡಿದ್ದರು.

ಇನ್ನು ನಮ್ಮ ಕಂಬಾಲಪಲ್ಲಿ. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲೂಕಿನ ಆ ಊರಿನಲ್ಲಿ ಏಳು ಜನ ದಲಿತರನ್ನು ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆ. ಸಾಕ್ಷಿಗಳನ್ನು ಹೇಡಿಗಳು ಅನ್ನಬೇಡಿ. ಕೋರ್ಟಿಂದ ಸಂಜೆ ಅದೇ ಊರಿಗೆ, ಅದೇ ಹೊಲಕ್ಕೆ ಕೂಲಿಗೆ ವಾಪಸ್ ಹೋಗೋರು ಅವರು.

ಗೆಳೆಯರೇ, ನಮ್ಮ ಕೆಲಸ ಎರಡು. ದೌರ್ಜನ್ಯ ತಡೆ ಕಾಯ್ದೆಯೂ 8ನೇ ಕಲಮಿನ ಪಟ್ಟಿಗೆ ಸೇರಲಿ ಅಂತ ಬೀದಿಯಲ್ಲಿ ಕೇಳೋದು ಒಂದು. ಇನ್ನೊಂದು ನಾಳೆಯಿಂದಲೇ ಮಾಡಬಹುದಾದ್ದು. ಆ ಕಾಯ್ದೆಗೆ 2015ರ ತಿದ್ದುಪಡಿಯಲ್ಲಿ ಸೇರಿದ 15ಎ ಕಲಂ ಓದಿಕೊಳ್ಳಿ. ನೊಂದವರಿಗೆ, ಸಾಕ್ಷಿಗಳಿಗೆ ರಕ್ಷಣೆ ಕೊಡೋದು, ಬಸ್ ಚಾರ್ಜು, ಊಟದ ಖರ್ಚು ಕೊಡೋದು ಸರ್ಕಾರದ ಕರ್ತವ್ಯ. ಇದು ಭಿಕ್ಷೆ ಅಲ್ಲ, ಹಕ್ಕು. ಊರಿನಲ್ಲಿ ಕೇಸು ನಡೀತಿದ್ದರೆ ಅರ್ಜಿ ಬರೆದುಕೊಡಿ, ವಾಯಿದೆ ದಿನ ಸಾಕ್ಷಿ ಹೇಳೋ ಅವ್ವನ ಜೊತೆ ಹತ್ತು ಜನ ಹೋಗಿ ಕೋರ್ಟಿನಲ್ಲಿ ಕೂತುಕೊಳ್ಳಿ. ಆ ಅವ್ವ ಹೆದರದೆ ಕಂಡದ್ದು ಹೇಳಿದ ದಿನವೇ ದೊಡ್ಡವರ ಕುರ್ಚಿ ಅಲ್ಲಾಡೋದು.