ರೋಗಿಯ ಕಾಯಕ

(ಶ್ರಾವಣ ಮಾಸದ ಶಿವಾನುಭವ ಪ್ರವಚನ)



ಈ ಕಾಯಕ್ಕೆ ಸಂಸ್ಕೃತದಲ್ಲಿ ಅನೇಕ ಹೆಸರುಗಳುಂಟು. ಅವುಗಳಲ್ಲಿ ಎರಡನ್ನು ಇಂದು ನೋಡೋಣ. ಸವೆದು ಶಿಥಿಲವಾಗುವುದೆಂಬ ಅರ್ಥದಿಂದ ಇದು ಶರೀರವೆನಿಸಿತು. ‘ದಿಹ್’ ಎಂಬ ಧಾತುವಿಗೆ ಬೆಳೆಯುವುದು, ತುಂಬಿಕೊಳ್ಳುವುದು ಎಂದರ್ಥ. ಅದರಿಂದ ದೇಹವೆಂಬ ಹೆಸರು ಬಂದಿತು. ಸವೆಯುವುದೂ ಇದೇ, ಬೆಳೆಯುವುದೂ ಇದೇ. ದುಡಿಸಿದರೆ ದೇಹ, ಕೆಡವಿದರೆ ಶರೀರ. ಬಾವಿಯ ನೀರನ್ನು ಸೇದುತ್ತಿದ್ದರೆ ಹೊಸ ನೀರು ಊರುತ್ತದೆ. ಸೇದದೆ ಬಿಟ್ಟರೆ ಪಾಚಿಗಟ್ಟುತ್ತದೆ. ಇದು ಆರೋಗ್ಯವಂತರಿಗೆ ಮಾತ್ರ ಹೇಳುವ ಮಾತೆಂದು ನಾವೂ ತಿಳಿದಿದ್ದೆವು. ರೋಗಿಗೂ ಸಲ್ಲುತ್ತದೆಂಬುದನ್ನು ಕಲಿತದ್ದು ತಡವಾಗಿ, ಅದೂ ನಮ್ಮ ತಪ್ಪಿನಿಂದ.

ಮಠದ ಹಿರಿಯ ಭಕ್ತರೊಬ್ಬರು. ವಯಸ್ಸು ಎಪ್ಪತ್ತು ದಾಟಿತ್ತು. ದಿನವೂ ಮುಂಜಾನೆ ನಡೆದು ಬಂದು ಗದ್ದುಗೆಯ ಅಂಗಳ ಗುಡಿಸಿ ಹೋಗುವುದು ಅವರ ನೇಮ. ನ್ಯುಮೋನಿಯಾ ಆಗಿ ಆಸ್ಪತ್ರೆ ಸೇರಿದರು. ಸೇರುವಾಗ ತಮ್ಮ ಕಾಲಿನ ಮೇಲೆಯೇ ನಡೆದು ಒಳಗೆ ಹೋಗಿದ್ದರು. ಮೂರನೆಯ ದಿನ ನಾವು ನೋಡಲು ಹೋದಾಗ ನಮಸ್ಕರಿಸಲೆಂದು ಏಳಹೋದರು. “ಏಳಬ್ಯಾಡ್ರಿ ಯಜಮಾನ್ರ, ಆರಾಮ ಮಲಕೊಂಡಿರ್ರಿ” ಎಂದು ನಾವೇ ಭುಜ ಹಿಡಿದು ಮಲಗಿಸಿ ಬಂದೆವು. ಮರುದಿನ ನರ್ಸಮ್ಮ ಬಂದು ಅವರನ್ನು ಕುರ್ಚಿಯಲ್ಲಿ ಕೂಡಿಸಲು ಹೇಳಿದರೆ, ಮಕ್ಕಳು “ಮಲಗಬೇಕಂತ ಅಜ್ಜಾರ ಅಪ್ಪಣೆ ಆಗೇತ್ರಿ” ಎಂದುಬಿಟ್ಟರು! ಊಟ, ನೀರು ಎಲ್ಲವೂ ಮಲಗಿದಲ್ಲಿಗೇ ಬಂದವು. ಹತ್ತು ದಿನಗಳಲ್ಲಿ ಜ್ವರ ಬಿಟ್ಟಿತು, ಎದೆ ತಿಳಿಯಾಯಿತು. ಮನೆಗೆ ಹೊರಡುವ ದಿನ ಕೆಳಗಿಳಿದರೆ ಕಾಲು ನಿಲ್ಲಲಿಲ್ಲ. ಇಬ್ಬರು ಎತ್ತಿ ಗಾಡಿಯಲ್ಲಿ ಕೂಡಿಸಿದರು. ರೋಗ ಹೋಯಿತು, ಅದರ ಸಂಗಡ ನಡಿಗೆಯೂ ಹೋಯಿತು. ಆಮೇಲೆ ಆ ಅಂಗಳಕ್ಕೆ ಅವರ ಹೆಜ್ಜೆ ಬೀಳಲಿಲ್ಲ.

ಹೀಗೇಕಾಯಿತೆಂದು ವೈದ್ಯರನ್ನು ಕೇಳಿದೆವು. ಅವರು ಎರಡು ಪರೀಕ್ಷೆಗಳ ವಿಷಯ ಹೇಳಿದರು. ಅಮೆರಿಕದ ಡಲ್ಲಾಸ್ ನಗರದಲ್ಲಿ 1966ರಲ್ಲಿ, 20 ವರ್ಷದ ಐವರು ಯುವಕರನ್ನು ಮೂರು ವಾರ ಹಾಸಿಗೆಯಲ್ಲೇ ಇರಿಸಿ ನೋಡಿದರಂತೆ. 30 ವರ್ಷಗಳ ತರುವಾಯ ಅದೇ ಐವರನ್ನು ಮತ್ತೆ ಪರೀಕ್ಷಿಸಿದಾಗ, 30 ವರ್ಷದ ಮುಪ್ಪು ಕುಗ್ಗಿಸಿದ್ದಕ್ಕಿಂತ ಆ ಮೂರು ವಾರದ ಹಾಸಿಗೆಯೇ ದುಡಿಯುವ ಶಕ್ತಿಯನ್ನು ಹೆಚ್ಚು ಕುಗ್ಗಿಸಿತ್ತೆಂದು ತಿಳಿಯಿತು. 2007ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ, ರೋಗವೇ ಇಲ್ಲದ ವೃದ್ಧರು 10 ದಿನ ಮಲಗಿದ್ದಕ್ಕೆ ಅವರ ಕಾಲುಗಳಿಂದ ಸುಮಾರು 1 ಕಿಲೋ ಮಾಂಸ ಕರಗಿತ್ತು. ರೋಗವಿಲ್ಲದವರ ಗತಿಯೇ ಹೀಗಾದರೆ ಜ್ವರದಿಂದ ಬಳಲಿದವರ ಗತಿಯೇನು? ಇಷ್ಟೇ ಅಲ್ಲ. ಮಲಗಿಯೇ ಇದ್ದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು, ಎದೆಯಲ್ಲಿ ಕಫ ನಿಲ್ಲಬಹುದು, ಬೆನ್ನಿಗೆ ಹುಣ್ಣಾಗಬಹುದು, ಮಲಬದ್ಧತೆಯೂ ಕಾಡುತ್ತದೆ.

ಹಾಗೆಂದು ಎಲ್ಲ ರೋಗಿಗಳನ್ನೂ ಎಬ್ಬಿಸಿ ಓಡಾಡಿಸಿರೆಂದು ನಾವು ಹೇಳುತ್ತಿಲ್ಲ. ಬೆನ್ನೆಲುಬು ಮುರಿದವರು, ಹೃದಯದ ಸ್ಥಿತಿ ಇನ್ನೂ ಹದಕ್ಕೆ ಬಾರದವರು, ಮಲಗಿಯೇ ಇರಬೇಕೆಂದು ವೈದ್ಯರು ಹೇಳಿದವರು ಮಲಗಿರಲೇಬೇಕು. ಅವರೂ ವೈದ್ಯರನ್ನು ಕೇಳಿ ಪಾದಗಳನ್ನು ಮೇಲೆ ಕೆಳಗೆ ಆಡಿಸಬಹುದು, ದೀರ್ಘವಾಗಿ ಉಸಿರೆಳೆದು ಬಿಡಬಹುದು. ಉಳಿದವರು ದಿನವೂ, “ಇವತ್ತು ಎದ್ದು ಕೂಡಬಹುದೇ? ಎಷ್ಟು ಹೆಜ್ಜೆ ನಡೆಯಬಹುದು?” ಎಂದು ಕೇಳಿರಿ. ಮೊದಲು ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂಡಬೇಕು. ತಲೆ ಸುತ್ತುವುದು ನಿಂತ ಮೇಲೆ ಒಬ್ಬರ ಆಸರೆಯಿಂದ ಏಳಬೇಕು. ಊಟ ಕುರ್ಚಿಯಲ್ಲಿ ಆಗಲಿ. ಸಲೈನ್ ಹಚ್ಚಿದ್ದರೆ ನರ್ಸಮ್ಮನವರನ್ನು ಕೇಳದೆ ಇಳಿಯಬೇಡಿ.

ಲಿಂಗವಂತರಿಗೆ ಇನ್ನೊಂದು ಸುಲಭ ದಾರಿಯಿದೆ. ಮೂರು ಹೊತ್ತು ಎದ್ದು ಕುಳಿತು, ಇಷ್ಟಲಿಂಗವನ್ನು ಕರಸ್ಥಲಕ್ಕೆ ತಂದುಕೊಳ್ಳಿರಿ. ಪೂಜೆಯೂ ಆಯಿತು, ಬೆನ್ನು ನೆಟ್ಟಗೂ ಆಯಿತು. ಆಸ್ಪತ್ರೆ ಸೇರಿದೊಡನೆ ಕಾಯಕ ತಪ್ಪಿತೆಂದು ಕೊರಗಬೇಡಿ. ನಿನ್ನೆ ನಾಲ್ಕು ಹೆಜ್ಜೆ ಇಟ್ಟವರು ಇಂದು ಆರು ಹೆಜ್ಜೆ ಇಟ್ಟರೆ ಅದೇ ಅಂದಿನ ಕಾಯಕ.

ಬಂಧುಗಳಿಗೂ ಒಂದು ಮಾತು. 12ನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನವರು ಅನುಭವಗೋಷ್ಠಿಯಲ್ಲಿ ಮೈಮರೆತು ಕುಳಿತಾಗ ಲಕ್ಕಮ್ಮ ತಾಯಿ ಅವರನ್ನು ಕಾಯಕಕ್ಕೆ ಎಬ್ಬಿಸಿ ಕಳಿಸಿದಳು. ಗಂಡನ ಮೇಲೆ ಪ್ರೀತಿಯಿಲ್ಲದೆ ಎಬ್ಬಿಸಿದಳೇನು? ರೋಗಿ ತಾನೇ ತುತ್ತೆತ್ತಬಲ್ಲನಾದರೆ ನೀವು ತಿನ್ನಿಸಬೇಡಿ. ನಡೆಯಬಲ್ಲನಾದರೆ ಹೊರಬೇಡಿ, ಕೈ ಹಿಡಿದು ನಡೆಸಿರಿ. ಅದೇ ನಿಮ್ಮ ದಾಸೋಹ.

ಆ ಹಿರಿಯರನ್ನು ಕಾಣಲು ಮುಂದೆ ಅವರ ಮನೆಗೆ ಹೋದೆವು. ನಮ್ಮನ್ನು ದೂರಲಿಲ್ಲ. ಹಳೆಯ ರೂಢಿಯಂತೆ ನಮಸ್ಕರಿಸಲು ಏಳಹೋದರು. ಈ ಸಲ ನಾವು ಬೇಡವೆನ್ನಲಿಲ್ಲ. ಎರಡೂ ಕೈ ಕೊಟ್ಟು, ಅವರು ನಿಲ್ಲುವ ತನಕ ಕಾದೆವು. ನೀವು ಆ ಕೈಯನ್ನು ಆಸ್ಪತ್ರೆಯಲ್ಲಿಯೇ ಕೊಡಿರಿ.