ಮಿಂಕ್: ತವರಿನಲ್ಲಿ ಕಾವಲುಗಾರ, ಪರನೆಲದಲ್ಲಿ ಪೀಡಕ



ಉತ್ತರ ಅಮೆರಿಕದ ಹೊಳೆ, ಕೆರೆ, ಜೌಗುಗಳ ಅಂಚಿನಲ್ಲಿ ಕಡುಗಂದು ಮೈಯ ಒಂದು ಸಣ್ಣ ಬೇಟೆಗಾರ ಪ್ರಾಣಿಯಿದೆ. ಅದರ ಹೆಸರು ಮಿಂಕ್. ತೂಕ ಸುಮಾರು ಒಂದು ಕಿಲೋ. ಮಲೆನಾಡಿನ ಹೊಳೆಗಳ ನೀರುನಾಯಿಯೂ ಇದೂ ಒಂದೇ ಕುಟುಂಬದವು. ನೀರಿನಲ್ಲಿ ಮೀನು, ಕಪ್ಪೆಗಳನ್ನೂ ದಡದಲ್ಲಿ ಇಲಿ, ಮೊಲ, ಹಕ್ಕಿಗಳನ್ನೂ ಅದು ಹಿಡಿಯಬಲ್ಲದು.

ತವರಿನಲ್ಲಿ ಮಿಂಕಿಗೆ ಗೊತ್ತಾದ ಸ್ಥಾನವಿದೆ. ಜೊಂಡು ಮೇಯುವ ಮಸ್ಕ್‌ರಾಟ್ ಎಂಬ ದೊಡ್ಡ ಇಲಿಯನ್ನು ಅದು ತಿನ್ನುತ್ತದೆ. ಆ ಇಲಿ ತೊರೆದ ಬಿಲದಲ್ಲಿಯೇ ಮರಿ ಹಾಕುವುದೂ ಉಂಟು. ಮಿಂಕನ್ನು ಹಿಡಿಯಲು ದೊಡ್ಡ ಗೂಬೆ, ಕಯೋಟೆಗಳಿವೆ. ಮೀನಿನ ಮೂಲಕ ಪಾದರಸ, ಪಿಸಿಬಿಯಂತಹ ವಿಷಗಳು ಅದರ ದೇಹದಲ್ಲಿ ಶೇಖರವಾಗುವುದರಿಂದ, ನೀರಿನ ಆರೋಗ್ಯವನ್ನು ಅದರ ಆರೋಗ್ಯದಿಂದಲೇ ಅಳೆಯಬಹುದು.

ಇದೇ ಪ್ರಾಣಿಯನ್ನು 1929ರಲ್ಲಿ ತುಪ್ಪಳದ ವ್ಯಾಪಾರಕ್ಕಾಗಿ ಬ್ರಿಟನ್ನಿಗೆ ಒಯ್ಯಲಾಯಿತು. ಸಾಕಣೆಯ ಗೂಡುಗಳಿಂದ ತಪ್ಪಿಸಿಕೊಂಡವು ಕಾಡಿನಲ್ಲಿ ಮರಿ ಹಾಕುತ್ತಿರುವುದು 1956ರಲ್ಲಿ ಡೆವನ್ ಪ್ರಾಂತದ ಟೀನ್ ನದಿಯಲ್ಲಿ ದೃಢಪಟ್ಟಿತು. ಅಲ್ಲಿನ ಹೊಳೆದಂಡೆಯಲ್ಲಿ ವಾಟರ್ ವೋಲ್ ಎಂಬ ಸಾಧು ಇಲಿಯಿದೆ. ಶತ್ರು ಬಂದರೆ ನೀರಿಗೆ ಧುಮುಕಿ ಬಿಲ ಸೇರುವುದೇ ಅದರ ರಕ್ಷೆ. ಆದರೆ ಮಿಂಕ್ ಈಜಬಲ್ಲದು. ಹೆಣ್ಣು ಮಿಂಕ್ ಆ ಬಿಲದೊಳಕ್ಕೂ ನುಸುಳಬಲ್ಲದು. ದಂಡೆಗಳ ನಾಶ ಮೊದಲೇ ಕುಗ್ಗಿಸಿದ್ದ ಈ ಇಲಿಯ ಸಂಖ್ಯೆ, ಮಿಂಕಿನ ಹಾವಳಿಯೂ ಸೇರಿ, ಇಪ್ಪತ್ತನೆಯ ಶತಮಾನದಲ್ಲಿ ಶೇಕಡ 90ಕ್ಕಿಂತ ಹೆಚ್ಚು ಇಳಿಯಿತು.

ಕರುಣೆಯೂ ಇಲ್ಲಿ ಎಡವಿದೆ. 1998ರ ಆಗಸ್ಟಿನಲ್ಲಿ ಪ್ರಾಣಿಪ್ರಿಯ ಹೋರಾಟಗಾರರು ಹ್ಯಾಂಪ್‌ಷೈರಿನ ಸಾಕಣೆ ಕೇಂದ್ರವೊಂದರಿಂದ ಸಾವಿರಾರು ಮಿಂಕ್‌ಗಳನ್ನು ಹೊರಬಿಟ್ಟರು. ಗೂಡಿನ ಹಿಂಸೆ ನಿಜವೇ. ಆದರೆ ಹೊರಗಿನ ಹೊಳೆ ಅವುಗಳ ಮನೆಯಾಗಿರಲಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್ 2000ದ ಕಾಯ್ದೆಯಿಂದ ತುಪ್ಪಳ ಸಾಕಣೆಯನ್ನೇ ನಿಷೇಧಿಸಿದವು. ಡೆನ್ಮಾರ್ಕಿನಲ್ಲಿ 2020ರಲ್ಲಿ ಕೊರೊನಾ ಸೋಂಕು ಸಾಕಣೆಯ ಮಿಂಕ್‌ಗಳಲ್ಲಿ ಹಬ್ಬಿದಾಗ, ಒಂದೂವರೆ ಕೋಟಿಗೂ ಮೀರಿದ ಜೀವಗಳನ್ನು ಕೊಲ್ಲಲು ಸರ್ಕಾರ ಆದೇಶಿಸಿತು.

ಭರವಸೆಯ ಮಾತೂ ಒಂದುಂಟು. ಡೀಲ್ಡ್ರಿನ್‌ನಂತಹ ಕೀಟನಾಶಕಗಳಿಂದ ನಶಿಸಿದ್ದ ಬ್ರಿಟನ್ನಿನ ನೀರುನಾಯಿ, ಆ ವಿಷಗಳು ನಿಂತ ಬಳಿಕ ನದಿಗಳಿಗೆ ಮರಳಿತು. ಅದು ಮರಳಿದ ಕೆಲವೆಡೆ ಮಿಂಕ್ ಹಿಂದೆ ಸರಿದಿದೆ. ಮೂಲನಿವಾಸಿ ಜೀವಿ ಬಲವಾಗಿದ್ದಲ್ಲಿ ಆಗಂತುಕನಿಗೆ ನೆಲೆ ಸುಲಭವಲ್ಲ. ಕರ್ನಾಟಕದಲ್ಲಿ 2015ರಲ್ಲಿ ತುಂಗಭದ್ರೆಯ 34 ಕಿಲೋಮೀಟರ್ ಉದ್ದದ ಹರಿವನ್ನು ನೀರುನಾಯಿಗಳಿಗಾಗಿ ಮೀಸಲಿಟ್ಟಿರುವುದನ್ನು ಈ ಬೆಳಕಿನಲ್ಲಿಯೂ ಕಾಣಬೇಕು.

ಮಿಂಕ್ ಒಳ್ಳೆಯದೋ ಕೆಟ್ಟದೋ ಎಂಬ ಪ್ರಶ್ನೆಗೆ ಅರ್ಥವಿಲ್ಲ. ಎಲ್ಲಿಯದು, ತಂದವರು ಯಾರು, ಏತಕ್ಕಾಗಿ ತಂದರು ಎಂಬುದೇ ಪ್ರಶ್ನೆ. ಅಲಂಕಾರಕ್ಕೆಂದು ಬಂದು ಮಲೆನಾಡಿನ ಇಳಿಜಾರುಗಳನ್ನು ಕವಿದ ಲಂಟಾನವನ್ನು ಕಂಡವರಿಗೆ ಉತ್ತರವನ್ನು ಬೇರೆಯಾಗಿ ಹೇಳಬೇಕಾಗಿಲ್ಲ.