ವೇಲೆನ್ಸಿಯ ಲೆಕ್ಕ

ಶಾಲೆಯ ಮಕ್ಕಳು ರಸಾಯನ ಸೂತ್ರಗಳನ್ನು ಮಗ್ಗಿಯಂತೆ ಉರುಹೊಡೆಯುವುದನ್ನು ಎಲ್ಲರೂ ಕೇಳಿದ್ದೇವೆ. ಅಷ್ಟು ಶ್ರಮ ಬೇಕಿಲ್ಲ. ಧಾತುಗಳ ವೇಲೆನ್ಸಿ ತಿಳಿದಿದ್ದರೆ ಸೂತ್ರವನ್ನು ನಾವೇ ಕಟ್ಟಿಕೊಳ್ಳಬಹುದು. ಇಂಗ್ಲೆಂಡಿನ ಫ್ರಾಂಕ್‌ಲ್ಯಾಂಡ್ ೧೮೫೨ರಲ್ಲಿ ಗುರುತಿಸಿದ ಈ ಸಂಯೋಗ ಶಕ್ತಿ, ಲವಣಗಳ ಮಟ್ಟಿಗೆ, ಅಯಾನು ಹೊತ್ತ ವಿದ್ಯುದಂಶದ ಎಣಿಕೆಯೇ ಸರಿ. ಲೋಹದ್ದು ಧನ, ಜೊತೆಗಾರನದು ಋಣ. ಎರಡೂ ವಜಾ ಆಗಿ ಬಾಕಿ ಸೊನ್ನೆಯಾಗಬೇಕು, ನಿಯಮ ಇಷ್ಟೇ.

ಅಡಿಗೆಯ ಉಪ್ಪಿನಲ್ಲಿ ಒಂದು ಸೋಡಿಯಂ, ಒಂದು ಕ್ಲೋರೈಡ್. ಹೇಳುವುದಕ್ಕೆ ಹೆಚ್ಚೇನೂ ಇಲ್ಲ. ನೀರು ಹಾಕಿ ಅರಳಿಸಿದ ಸುಣ್ಣಕ್ಕೆ ಬನ್ನಿ. ಕ್ಯಾಲ್ಸಿಯಮಿನ ವೇಲೆನ್ಸಿ ಎರಡು. ಆಮ್ಲಜನಕ, ಜಲಜನಕ ಕೂಡಿದ ಹೈಡ್ರಾಕ್ಸೈಡ್ ಗುಂಪಿನದು ಒಂದು. ಆದ್ದರಿಂದ ಒಂದು ಕ್ಯಾಲ್ಸಿಯಮಿಗೆ ಎರಡು ಗುಂಪು ಬೇಕು. ರೇಡಿಯೋದಲ್ಲಿ ಕರಿಹಲಗೆಯಿಲ್ಲ, ಬರೆದುಕೊಳ್ಳುವವರು ಗುಂಪನ್ನು ಕಂಸದೊಳಗಿಟ್ಟು ಎರಡನ್ನು ಹೊರಗೆ, ಕೆಳಬದಿಗೆ ಬರೆಯಿರಿ. ಕಂಸ ಬಿಟ್ಟರೆ ಜಲಜನಕ ಮಾತ್ರ ಇಮ್ಮಡಿಯಾಗಿ ಲೆಕ್ಕ ಕೆಡುತ್ತದೆ.

ಮೈಲುತುತ್ತ ತಾಮ್ರದ ಸಲ್ಫೇಟು. ತಾಮ್ರಕ್ಕೆ ಒಂದೆಂಬ ವೇಲೆನ್ಸಿಯೂ ಉಂಟು, ಆದರೆ ಇಲ್ಲಿಯದು ಎರಡು. ಸಲ್ಫೇಟ್ ಗುಂಪಿನದೂ ಎರಡು. ಒಂದರ ಅಂಕಿಯನ್ನು ಇನ್ನೊಂದರ ಕೆಳಗೆ ಬರೆಯುವ ಅಭ್ಯಾಸದವರು ಎರಡಕ್ಕೆ ಎರಡು ಎಂದು ನಿಲ್ಲಿಸಿಬಿಡುತ್ತಾರೆ. ಸಂಕ್ಷೇಪಿಸಿ ಒಂದಕ್ಕೆ ಒಂದು ಎನ್ನಬೇಕು. ನೀಲಿ ಹರಳಿನಲ್ಲಿ ನೀರಿನ ಐದು ಅಣುಗಳೂ ಇವೆ. ಅದನ್ನು ವೇಲೆನ್ಸಿ ಹೇಳದು, ತೂಗಿಯೇ ಕಾಣಬೇಕು.

ಈ ಎರಡು ವಸ್ತುಗಳನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಮಲೆನಾಡಿನ ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ ಇವೆರಡರ ಕೂಟ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಡಾಕ್ಟರ್ ಕೋಲ್ಮನ್ನರು ೧೯೧೦ರ ಸುಮಾರಿನಲ್ಲಿ ಅದನ್ನು ಇಲ್ಲಿಯ ತೋಟಗಳಿಗೆ ತಂದರು. ಸುಣ್ಣದ ಎರಡು ಹೈಡ್ರಾಕ್ಸೈಡ್ ಗುಂಪುಗಳು ತಾಮ್ರವನ್ನು ಹಿಡಿಯುತ್ತವೆ. ಕ್ಯಾಲ್ಸಿಯಮಿಗೆ ಸಲ್ಫೇಟು ದಕ್ಕುತ್ತದೆ. ಪರಮಾಣು ತೂಕಗಳನ್ನು ಕೂಡಿ ನೋಡಿದರೆ ೨೫೦ ಭಾಗ ತುತ್ತಕ್ಕೆ ೭೪ ಭಾಗ ಸುಣ್ಣ ಸಾಕು. ಎಂದರೆ ಒಂದು ಕಿಲೋಗ್ರಾಮಿಗೆ ಸುಮಾರು ೩೦೦ ಗ್ರಾಂ.

ತೋಟದವರು ಮಾತ್ರ ನೂರು ಲೀಟರ್ ನೀರಿಗೆ ಎರಡನ್ನೂ ಒಂದೊಂದು ಕಿಲೋ ಹಾಕುತ್ತಾರೆ. ಇದು ದುಂದಲ್ಲ. ಸುಣ್ಣ ಗಾಳಿಗೆ ಕೆಡುತ್ತದೆ, ಅದರಲ್ಲಿ ಮರಳೂ ಸೇರಿರುತ್ತದೆ. ಸುಣ್ಣ ಸಾಲದಾದರೆ ಹಿಡಿತಕ್ಕೆ ಸಿಗದೆ ಉಳಿದ ತಾಮ್ರ ಗಿಡವನ್ನೇ ಸುಡುತ್ತದೆ. ಅನುಮಾನ ಬಂದಾಗ ಉಜ್ಜಿ ಹೊಳಪೇರಿಸಿದ ಕಬ್ಬಿಣದ ಚಾಕುವನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯಿರಿ. ಕೆಂಪು ಲೇಪ ಕಂಡರೆ, ಅದು ಹತ್ತುವುದು ನಿಲ್ಲುವವರೆಗೆ ಸುಣ್ಣದ ನೀರನ್ನು ಬೆರೆಸುತ್ತ ಹೋಗಬೇಕು.